ಓಟಕ್ಕೆ ಮುಂಚಿನ ವಿಶ್ರಾಂತಿ

ಹೆಂಡತಿ ತೀರಿಕೊಂಡ ಮೇಲೆ ಮನೆಯ ಮೌನ ತಡೆಯಲಾರದೆ ನಾನು ಓಡಲು ಶುರು ಮಾಡಿದೆ. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮುಗಿದರೆ ನನ್ನೊಡನೆ ಮಾತಾಡಲು ಇದ್ದವರು ಇಬ್ಬರೇ: ಫೋನಿನಲ್ಲಿ ಅಕ್ಕ, ಮೈದಾನದಲ್ಲಿ ಕೋಚ್.

ಮ್ಯಾರಥಾನ್ ಹತ್ತಿರವಾದಾಗ ಕೋಚ್, "ಇನ್ನು ಓಟ ಕಮ್ಮಿ ಮಾಡಿ. ಈಗ ಮೈಗೆ ಬೇಕಾಗಿರೋದು ವಿಶ್ರಾಂತಿ" ಎಂದರು. ಹಾಗಾಗಿ ಮಧ್ಯಾಹ್ನ ಕೆಲಸ ಮುಗಿಸಿ ಬಂದು ಮಲಗಿಬಿಡುತ್ತಿದ್ದೆ. ಎದ್ದಾಗ ಕಾಲುಗಳು ಸೋತುಹೋಗಿರುತ್ತಿದ್ದವು. ಬಾಗಿಲ ಬಳಿ ಬಿಟ್ಟ ಶೂಗಳಿಗೆ ಕೈ ಹಾಕಿದರೆ ಒಳಗೆ ಬೆಚ್ಚಗಿರುತ್ತಿತ್ತು.

"ಹೇಳಿದ ಮಾತು ಕೇಳಲ್ವಲ್ರೀ ನೀವು," ಎಂದು ಕೋಚ್ ಒಂದು ದಿನ ರೇಗಿದರು. "ನಿನ್ನೆ ಮಧ್ಯಾಹ್ನ ಕೆರೆ ರಸ್ತೇಲಿ ನನ್ನ ಪಕ್ಕದಲ್ಲೇ ಓಡಿಹೋದ್ರಿ. ಕೂಗಿದ್ರೂ ತಿರುಗಿ ನೋಡ್ಲಿಲ್ಲ."

ಮಲಗಿದ್ದೆ ಎಂದರೆ ಅವರು ನಂಬಲಿಲ್ಲ.

ಓಟದ ದಿನ ಬೆಳಿಗ್ಗೆ ನನಗೆ ಜ್ವರ ಬಂದು ಹಾಸಿಗೆಯಿಂದ ಏಳಲಾಗಲಿಲ್ಲ. ಓಟ ಮುಗಿಯುವ ಜಾಗದಲ್ಲಿ ಕಾಯುತ್ತೇನೆಂದಿದ್ದ ಅಕ್ಕ ಎಷ್ಟು ಸಲ ಮಾಡಿದರೂ ಫೋನ್ ಎತ್ತಲಿಲ್ಲ. ಪಾಪ, ಬಿಸಿಲಲ್ಲಿ ನಿಂತು ನನ್ನ ದಾರಿ ನೋಡುತ್ತಿರುತ್ತಾಳೆ ಎಂದು ಸಂಕಟವಾಯಿತು. ಮಧ್ಯಾಹ್ನದ ಮೇಲೆ ಕೊನೆಗೂ ಅವಳ ದನಿ ಕೇಳಿಸಿತು.

"ಅಕ್ಕಾ, ನಂಗೆ ಬರೋಕಾಗ್ಲಿಲ್ಲ ಕಣೆ. ಮನೇಲೇ ಮಲಗಿದೀನಿ."

ಅವಳ ಹಿಂದೆ ಯಾರೋ ಗಟಗಟನೆ ನೀರು ಕುಡಿಯುವ ಸದ್ದು ಕೇಳುತ್ತಿತ್ತು.

"ಯಾರ್ರೀ ನೀವು?" ಎಂದಳು. "ನನ್ನ ತಮ್ಮ ಓಟ ಮುಗಿಸ್ಕೊಂಡು ಬಂದು ಇಲ್ಲೇ ಊಟಕ್ಕೆ ಕೂತಿದಾನೆ."

ಅಕ್ಕ ನನ್ನನ್ನು 'ನೀವು' ಎಂದದ್ದು ಅದೇ ಮೊದಲು. ಈಗಲೂ ಹಾಗೆಯೇ ಅನ್ನುತ್ತಾಳೆ.