ಸೂತಕದ ಕಾಗದ

"ಗ್ರೆವಿಲ್ ಬೇ ಊರಿನ ಅತಿಥಿಗಳಿಗೆ ಇಸೊನಾ ಪಟ್ಟಣದ ಪರವಾಗಿ ಸ್ವಾಗತ."

ಪುರಸಭೆಯಲ್ಲಿ ಕೆಲಸ ಮಾಡುವ ಚಿಹಾರು ಬಾಗಿ ನಮಸ್ಕರಿಸಿ ತಲೆ ಎತ್ತಿದಳು. ಬಸ್ಸಿನಿಂದ ಇಳಿದ ಎಂಟು ಜನ ಆಸ್ಟ್ರೇಲಿಯದವರಲ್ಲಿ ಏಳು ಜನ ನರೆಗೂದಲಿನವರು. ಎಂಟನೆಯವನು... ರೋವನ್!



"ಚಿಹಾರು ಸಾನ್... ಚೆನ್ನಾಗಿದ್ದೀರಾ?" ಎಂದ, ಹೆಸರಿಗೆ ಅಲ್ಲಿಯ ಗೌರವದ 'ಸಾನ್' ಸೇರಿಸಿ.

"ಸಭಾಂಗಣ ಎಡಗಡೆಗಿದೆ. ಚಪ್ಪಲಿ ಇಲ್ಲೇ ಬಿಡಿ," ಎಂದಳು, ಅವನ ಮುಖವನ್ನೂ ನೋಡದೆ.

ಅಬ್ಬಾ, ಎಂಥ ಬಿಗುಮಾನ! ಕೈಯಲ್ಲಿದ್ದ ಅತಿಥಿಗಳ ಪಟ್ಟಿಯಲ್ಲಿ ಏಳೇ ಹೆಸರುಗಳಿದ್ದವು.

ಐದು ವರ್ಷದ ಹಿಂದೆ, ಎರಡು ಊರುಗಳ ಸ್ನೇಹ ಒಪ್ಪಂದದ ಮೇಲೆ ಶಾಲೆಗೆ ಇಂಗ್ಲಿಷ್ ಕಲಿಸಲು ಬಂದಿದ್ದ ರೋವನ್ ಅವಳ ಮನೆಯಲ್ಲೇ ಒಂದು ವರ್ಷ ಇದ್ದ. ಅವಳ ಅಪ್ಪನ ಜೊತೆ ಸಿಂಪಿ ಸಾಕುವ ತೆಪ್ಪಗಳ ಮೇಲೆ ದುಡಿದ, ಅವಳ ಅಜ್ಜಿಯ ಕೈಯಲ್ಲಿ ಬೈಸಿಕೊಂಡ. ಹೊರಡುವ ದಿನ ಬಂದರಿನಲ್ಲಿ ನಿಂತು, "ಹೊಸವರ್ಷಕ್ಕೆ ಕಾರ್ಡು ಬರೀತೀನಿ, ತಪ್ಪಲ್ಲ. ಒಂದಿನ ವಾಪಸ್ ಬರ್ತೀನಿ," ಎಂದಿದ್ದ.

ಬಂದದ್ದು ಒಂದೇ ಕಾರ್ಡು. ಕಾಗೆಕಾಲು ಗುಬ್ಬಿಕಾಲಿನ ಅಕ್ಷರ. ಅದನ್ನು ಅವಳು ದಿಂಬಿನ ಕೆಳಗಿಟ್ಟು ಮಲಗುತ್ತಿದ್ದಳು.

ಆಮೇಲೆ ಅಜ್ಜಿ ತೀರಿಕೊಂಡಳು. ನವೆಂಬರಿನಲ್ಲಿ ಚಿಹಾರು, ಸಾವಾದ ಮನೆಯವರು ಆ ವರ್ಷ ಕಳಿಸುವ ಪದ್ಧತಿಯಂತೆ, ಎಲ್ಲರಿಗೂ ಬೂದು ಅಂಚಿನ ಕಾಗದ ಕಳಿಸಿದಳು: ನಮ್ಮ ಮನೆಯಲ್ಲಿ ಸೂತಕ, ಹೊಸವರ್ಷದ ಶುಭಾಶಯ ಬೇಡ. ಮರುವರ್ಷ ಅಪ್ಪ. ಮತ್ತೆ ಅದೇ ಕಾಗದ.

ಜನವರಿ ಒಂದರ ಬೆಳಿಗ್ಗೆ ಅಂಚೆಯವನ ಕೆಂಪು ಬೈಕು ಓಣಿಯ ಎಲ್ಲ ಮನೆಗಳ ಮುಂದೆ ನಿಂತು, ಅವಳ ಮನೆಯನ್ನು ದಾಟಿ ಹೋಗುತ್ತಿತ್ತು. ಮೂರನೆಯ ವರ್ಷ ಸೂತಕವಿರಲಿಲ್ಲ. ಊರವರ ಕಾರ್ಡುಗಳು ಬಂದವು... ಅವನದು ಬರಲಿಲ್ಲ.

'ಮರೆತುಬಿಟ್ಟ. ಅಷ್ಟೇ. ನಾನೇ ಹುಚ್ಚಿ!'

ಈಗ ಯಾವ ಮುಖ ಹೊತ್ತು ಬಂದಿದ್ದಾನೆ?

ಸಭಾಂಗಣದಲ್ಲಿ ಮೇಯರ್ ಭಾಷಣ ಶುರುವಾಯಿತು. ಈ ತಿಂಗಳ ಕೊನೆಗೆ ಇಸೊನಾ ಪಕ್ಕದ ನಗರದಲ್ಲಿ ಸೇರಿಹೋಗುತ್ತದೆ. ಆ ನಗರಕ್ಕೆ ಈ ಸ್ನೇಹದ ಗೊಡವೆ ಬೇಡವಂತೆ. ಅನುವಾದಿಸುವ ಕೆಲಸ ಚಿಹಾರುವಿನದು.

"ಇಪ್ಪತ್ತೆರಡು ವರ್ಷಗಳ ಈ ಸಂಬಂಧ... ಇವತ್ತಿಗೆ..."

ಎದುರಿಗೆ ರೋವನ್ ಕೂತಿದ್ದ. ಇನ್ನು ಆ ಊರಿನಿಂದ ಯಾರೂ ಬರುವುದಿಲ್ಲ. ಊಟದ ನಂತರ ಬಸ್ಸು ಹೊರಟರೆ ಇವನನ್ನು ನೋಡುವುದು ಇದೇ ಕೊನೆ.

"...ಇವತ್ತಿಗೆ ಮುಗಿಯಿತು," ಎಂದು ಹೇಗೋ ಹೇಳಿ ಮುಗಿಸಿದಳು. ವೇದಿಕೆಯ ಮೇಲೆ ಎರಡು ಊರಿನ ಬಾವುಟಗಳನ್ನು ಮಡಚಿದರು. ಯಾರೋ ಬಿಕ್ಕಿದರು.

ಊಟಕ್ಕೆ ಸಿಂಪಿಯ ಸಾರು ಬಡಿಸುತ್ತಿದ್ದವಳು ಪಕ್ಕದ ಮನೆಯ ತೋಮೆ ಅಜ್ಜಿ. ಎಂಬತ್ತು ದಾಟಿದರೂ ಬಾಯಿಗೆ ಬೀಗವಿಲ್ಲ. ರೋವನ್ ಬಟ್ಟಲು ಒಡ್ಡಿದ್ದೇ ತಡ, ಸೌಟು ಎತ್ತಿ ಹಿಡಿದಳು.

"ಏನೋ! ಮೂರು ವರ್ಷ ಒಂದು ಕಾರ್ಡು ಗೀಚೋಕೆ ನಿನ್ನ ಕೈಗೆ ಲಕ್ವ ಹೊಡೆದಿತ್ತೇನೋ? ಈ ಹುಡುಗಿ ಬಾಗಿಲಲ್ಲಿ ನಿಂತು ನಿಂತು ಸವೆದುಹೋದಳು!"

"ಅಜ್ಜೀ!" ಚಿಹಾರು ಕೂಗಿದಳು.

ರೋವನ್ ಬೆಪ್ಪಾಗಿ ನಿಂತ. "ಸೂತಕದ ಮನೆಗೆ ಬರೀಬಾರದು ಅಂತ ನೀವೇ ಅಲ್ವಾ ಅಜ್ಜಿ, ನಂಗೆ ಹೇಳಿಕೊಟ್ಟಿದ್ದು?"

"ಅದು ಆ ಹೊಸವರ್ಷಕ್ಕೆ ಮಾತ್ರ ಕಣೋ, ಮುಠ್ಠಾಳ!"

"ಸೂತಕ ಕಳೀತು ಅಂತ ಇನ್ನೊಂದು ಕಾಗದ ಬರುತ್ತೆ ಅಂದ್ಕೊಂಡಿದ್ದೆ... ಅದಕ್ಕೇ ಕಾಯ್ತಿದ್ದೆ."

ತೋಮೆ ಅಜ್ಜಿಯ ಸೌಟು ಕೆಳಗಿಳಿಯಿತು. ಅಂಥ ಕಾಗದವೇ ಇಲ್ಲ. ಯಾರೂ ಎಂದೂ ಬರೆಯುವುದಿಲ್ಲ.

ಚಿಹಾರು ಹೊರಗೆ ಓಡಿದಳು. ಕಡಲ ಕಟ್ಟೆಯಾಚೆ ಅಪ್ಪನ ತೆಪ್ಪಗಳಿದ್ದ ಜಾಗದಲ್ಲಿ ಬರೀ ನೀರು. ಹಿಂದೆಯೇ ಅವನ ಹೆಜ್ಜೆ ಸದ್ದು ಕೇಳಿಸಿತು.

"ತಪ್ಪು ಮಾಡಬಾರದು ಅಂತಲೇ ಸುಮ್ಮನಿದ್ದೆ, ಚಿಹಾರು ಸಾನ್. ನಿಮ್ಮ ದುಃಖಕ್ಕೆ ಅಗೌರವ ಆಗಬಾರದು ಅಂತ..."

"ಎಲ್ಲರಿಗೂ ಬರೀಬೇಡಿ ಅಂದೆ!" ಅವಳು ಸರಕ್ಕನೆ ತಿರುಗಿದಳು. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು. "ಎಲ್ಲರೂ ಬರೀಲಿಲ್ಲ. ಸರಿ. ಆದ್ರೆ ನೀವೊಬ್ರು... ನೀವೊಬ್ರಾದ್ರೂ ನಿಯಮ ಮುರಿದು ಬರೀಲಿ ಅಂತಿತ್ತು ನಂಗೆ. ಆ ಮನೇಲಿ ಒಬ್ಬಳೇ ಇದ್ದೆ, ರೋವನ್! ಸತ್ತೇ ಹೋಗೋಣ ಅನಿಸ್ತಿತ್ತು."

ಅವನು ಕೋಟಿನ ಜೇಬಿನಿಂದ ಒಂದು ಕಾಗದ ತೆಗೆದು, ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ.

ಬೂದು ಅಂಚು. ಅದೇ ಕಾಗೆಕಾಲಿನ ಅಕ್ಷರ.

'ಕಳೆದ ಅಕ್ಟೋಬರಿನಲ್ಲಿ ನನ್ನ ಅಮ್ಮ ತೀರಿಕೊಂಡರು. ಹೊಸವರ್ಷದ ಶುಭಾಶಯ ಬೇಡ.'

"ನಿಮ್ಮ ಪದ್ಧತಿಯಂತೆ ಬರೆದೆ. ಅಂಚೆ ಡಬ್ಬಿಗೆ ಹಾಕೋಕೆ ಮನಸ್ಸು ಬರಲಿಲ್ಲ," ಎಂದ ರೋವನ್. "ಹಾಕಿದ್ರೆ ನೀವೂ ಬರೆಯಲ್ಲ ಅಲ್ವಾ? ಹೇಗೂ ನಿಮ್ಮ ಕಾರ್ಡು ಬರ್ತಾ ಇರ್ಲಿಲ್ಲ... ಆದ್ರೂ. ಈಗ ನಂಗೂ ಯಾರೂ ಇಲ್ಲ, ಚಿಹಾರು. ನಿಮ್ಮನ್ನ ಪ್ರೀತಿಸ್ತೀನಿ. ಅಷ್ಟನ್ನ ಹೇಳೋಕೆ ಬಂದೆ."

'ಅಯ್ಯೋ ದೇವರೇ... ಅಷ್ಟು ದೂರದಲ್ಲಿ ಇವನೂ ಒಬ್ಬನೇ ಕೂತು ಅತ್ತನೇ!'

ಬಸ್ಸಿನ ಹಾರನ್ ಕೇಳಿಸಿತು. ಚಿಹಾರು ಕಾಗದವನ್ನು ಎದೆಗೊತ್ತಿಕೊಂಡಳು.

"ಸೂತಕದ ಮನೆಗೆ ಬರೀಬಾರದು," ಎಂದಳು.

"ಗೊತ್ತು..."

"ಬರೆಯಲ್ಲ. ನಾನೇ ಬರ್ತೀನಿ."

ರೋವನ್ ಒಂದು ಹೆಜ್ಜೆ ಹತ್ತಿರ ಬಂದ.

"ಮೂವತ್ತೊಂದಕ್ಕೆ ಊರಿನ ಹೆಸರಿನ ಬೋರ್ಡು ಇಳಿಸ್ತಾರೆ. ಆ ಕೆಲಸ ನಂದೇ. ಅದೊಂದು ಮುಗಿಸಿ ಬರ್ತೀನಿ. ನಂಗೂ ನೀವು ಅಂದ್ರೆ ಪ್ರಾಣ."

"ಕಾಯ್ತೀನಿ, ಚಿಹಾರು... ಎಷ್ಟು ದಿನ ಆದ್ರೂ ಕಾಯ್ತೀನಿ."

ಅವಳು ಅಳುತ್ತಲೇ ಅವನ ಕೈ ಹಿಡಿದುಕೊಂಡಳು.

"ಬೇಡಪ್ಪಾ, ಕಾಯ್ಬೇಡ! ನೀನು ಕಾದದ್ದು ಸಾಕು. ಈ ಸಲ ಕಾಗದ ಬರೀ... ದಿನಾ ಬರೀ."