ಫಕೀರಪ್ಪನಿಗೆ ಮಾತು ನೆನಪಾದದ್ದು

ಕಿರೀಟ ಗುಂಯ್ ಎಂದು ಸದ್ದು ಮಾಡತೊಡಗಿದಾಗ ಫಕೀರಪ್ಪ ಗುಡಿಸಾಗರ ಕಣ್ಣು ಮುಚ್ಚಿ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡ. ಆ ಭಾರೀ ದೇಹವನ್ನು ಅಲ್ಲಿ ಕೂರಿಸಲು ಇಬ್ಬರು ಸಹಾಯಕರು ಬೇಕಾಗಿದ್ದರು. ನಾಟಕ ಕಂಪನಿಯ ಹಾಸ್ಯನಟನಾಗಿ ಜೀವಮಾನ ಕಳೆದರೂ ಅವನ ತಲೆಗೆ ಕಿರೀಟ ಏರಿದ್ದು ಇದೇ ಮೊದಲು, ಅದೂ ಧಾರವಾಡದ ಒಂದು ಮಿದುಳು ಸಂಶೋಧನಾಲಯದಲ್ಲಿ!

“ತಲಿಯೊಳಗ ಇರುವಿ ಹರದಾಡಿದಂಗ ಆಗ್ತೈತ್ರೀ ಡಾಕ್ಟರ್.”

“ಇರುವಿ ಅಲ್ಲ, ಶಬ್ದದ ಅಲಿ. ಹೆದರಬ್ಯಾಡ್ರಿ,” ಎಂದು ನಕ್ಕರು ಡಾ. ವಾರಿಜಾ ಇನಾಮದಾರ. ಮಿದುಳನ್ನು ಶಾಂತಗೊಳಿಸುವ ಆ ‘ಶಾಮಕ ಕಿರೀಟ’ವನ್ನು ರೂಪಿಸಿದವರು ಅವರೇ.

ಫಕೀರಪ್ಪನ ಕಷ್ಟ ಸಣ್ಣದಲ್ಲ. ಇತ್ತೀಚೆಗೆ ರಂಗದ ಮೇಲೆ ಮಾತು ಮರೆತುಹೋಗುತ್ತಿತ್ತು. ಅವನ ಹೆಂಡತಿ ಕಸ್ತೂರೆವ್ವ ನಾಟಕದಲ್ಲೂ ಅವನಿಗೆ ಗಯ್ಯಾಳಿ ಹೆಂಡತಿ. ಅವನು ತಡವರಿಸಿದಾಗಲೆಲ್ಲ ಬೈಯುವ ನೆಪದಲ್ಲಿ ಹತ್ತಿರ ಬಂದು, ಕಿವಿ ಹಿಂಡಿ, ಮುಂದಿನ ಮಾತನ್ನು ಪಿಸುಗುಟ್ಟುತ್ತಿದ್ದಳು. ಆದರೆ ಮಾಲೀಕರ ತಾಳ್ಮೆ ಮುಗಿದಿತ್ತು. ಬೇರೆ ಕಂಪನಿಗಳಲ್ಲೆಲ್ಲ ಬೆಳಕಿನ ಬೊಂಬೆಗಳೇ ನಟಿಸುತ್ತಿದ್ದ ಕಾಲವದು. ಅವಕ್ಕೆ ಮರೆವಿಲ್ಲ, ಊಟದ ಗೊಡವೆಯೂ ಇಲ್ಲ. ಇನ್ನೊಮ್ಮೆ ತಪ್ಪಿದರೆ ಫಕೀರಪ್ಪನ ಜಾಗಕ್ಕೂ ಬೊಂಬೆಯೇ ಎಂದು ಅವರು ಹೇಳಿಬಿಟ್ಟಿದ್ದರು. ಈ ಮರೆವಿಗೆ ಹೊಟ್ಟೆಯ ಕೊಬ್ಬೇ ಕಾರಣ ಎಂದು ವಾರಿಜಾ ಹೇಳಿದ್ದನ್ನು ಫಕೀರಪ್ಪನಿಗೆ ಇನ್ನೂ ನಂಬಲಾಗಿರಲಿಲ್ಲ.

“ನನ್ನ ಮರೆವಿಗೂ ಹೊಟ್ಟಿಗೂ ಏನ್ರೀ ಸಂಬಂಧ? ಹೊಟ್ಟಿ ಇಲ್ಲೈತಿ, ತಲಿ ಅಲ್ಲೈತಿ!”

“ಎಲ್ಲಾರ ಮರೆವಿಗೂ ಅದ ಕಾರಣ ಅಲ್ಲ. ಆದ್ರ ನಿಮ್ಮ ಪರೀಕ್ಷೆಯೊಳಗ ಅದು ಸ್ಪಷ್ಟ ಕಂಡದ,” ಎಂದು ವಾರಿಜಾ ವಿವರಿಸಿದರು. ಮಿದುಳಿನಲ್ಲಿ ನರಕೋಶಗಳಿಗೆ ಆಹಾರ ಒದಗಿಸಿ ಸಲಹುವ ಆಸರೆಕೋಶಗಳಿವೆ, ಗಸ್ತು ತಿರುಗುವ ಕಾವಲುಕೋಶಗಳೂ ಇವೆ. ಮೈಯಲ್ಲಿ ಕೊಬ್ಬು ಮಿತಿಮೀರಿದಾಗ ಅದು ರಕ್ತದೊಳಕ್ಕೆ ಉರಿಯೂತದ ಸಂದೇಶಗಳನ್ನು ಬಿಡುತ್ತದೆ. ದಿನವೂ ಆ ಗದ್ದಲ ಕೇಳಿ ಕೇಳಿ ಕಾವಲುಕೋಶಗಳು ರೊಚ್ಚಿಗೆದ್ದು, ನರಕೋಶಗಳ ನಡುವಿನ ಒಳ್ಳೆಯ ಕೊಂಡಿಗಳನ್ನೇ ಕಡಿಯತೊಡಗುತ್ತವೆ. ಆಸರೆಕೋಶಗಳೂ ತಮ್ಮ ಕೆಲಸದಲ್ಲಿ ಎಡವುತ್ತವೆ. ಕಿರೀಟದ ಅಲೆಗಳು ಇವೆರಡನ್ನೂ ಶಾಂತಗೊಳಿಸುತ್ತವೆ.

“ಹಂಗಂದ್ರ ನನ್ನ ತಲಿಯೊಳಗಿನ ಪೊಲೀಸರು ಕಳ್ಳರನ್ನ ಬಿಟ್ಟು ಮನಿಮಂದಿನ್ನ ಬಡ್ಯಾಕತ್ತಾರ?”

“ಅಗದೀ ಬರೋಬ್ಬರಿ! ಆದ್ರ ಕಿರೀಟ ಒಂದ ಸಾಲೂದಿಲ್ಲ. ದಿನಾ ನಡೀಬೇಕು, ಊಟದ ಮ್ಯಾಲೂ ಹಿಡಿತ ಇರಬೇಕು.”

ಫಕೀರಪ್ಪ ನಡೆದ. ಗೊಣಗುತ್ತಲೇ ನಡೆದ. ಚಳಿಗಾಲ ಕಳೆಯುವಷ್ಟರಲ್ಲಿ ತಲೆಯೊಳಗಿನ ಮಂಜು ಹರಿಯಿತು. ಒಂದು ಮುಂಜಾನೆ ಹಲ್ಲುಜ್ಜುತ್ತಿದ್ದವನು ಬಾಯ್ತುಂಬ ನೊರೆ ಇಟ್ಟುಕೊಂಡೇ ಹಳೆಯ ನಾಟಕವೊಂದನ್ನು ಮೊದಲಿಂದ ಕೊನೆಯವರೆಗೂ ಒಪ್ಪಿಸಿಬಿಟ್ಟ! ಹೆಣ್ಣು ನೋಡಲು ಹೋದಾಗ ಕಸ್ತೂರೆವ್ವ ಉಟ್ಟಿದ್ದ ಸೀರೆಯ ಬಣ್ಣವೂ ನೆನಪಾಯಿತು. “ಗಿಳಿಹಸರು! ಗಿಳಿಹಸರು!” ಎಂದು ಕೂಗುತ್ತ ಅಂಗಳವೆಲ್ಲ ಕುಣಿದಾಡಿದ.

ಹುಬ್ಬಳ್ಳಿಯ ಪ್ರದರ್ಶನದಲ್ಲಿ ಅವನ ಮಾತು ಒಂದೂ ತಪ್ಪಲಿಲ್ಲ. ರಾಜನ ಪಾತ್ರಧಾರಿ ತಡವರಿಸಿದಾಗ ಅವನ ಮಾತನ್ನೂ ತಾನೇ ಹೇಳಿಕೊಟ್ಟ. ಮಾಲೀಕರು ಅವನನ್ನು ತಬ್ಬಿಕೊಂಡರು. ಕಸ್ತೂರೆವ್ವ ಮಾತ್ರ ಮೂಲೆಯಲ್ಲಿ ಕೂತು ಬಣ್ಣ ಒರೆಸಿಕೊಳ್ಳುತ್ತಿದ್ದಳು.

“ಯಾಕ, ಏನಾತು?”

“ಏನಿಲ್ಲ ಬಿಡ್ರಿ. ಇವತ್ತ ನೀವು ನನ್ನ ಕಡೆ ಒಮ್ಮೆನೂ ನೋಡಲಿಲ್ಲ. ಮನಿಯೊಳಗಂತೂ ಇಬ್ಬರಿಗೂ ಪುರುಸೊತ್ತಿಲ್ಲ. ರಂಗದ ಮ್ಯಾಲರೆ ಕಿವಿ ಕೊಡ್ತಿದ್ರಿ.”

ಮರುದಿನವೇ ಫಕೀರಪ್ಪ ಸಂಶೋಧನಾಲಯಕ್ಕೆ ಓಡಿದ. “ಡಾಕ್ಟರ್, ಒಂದ ಒಂದು ಮಾತು ಮರಸಿಕೊಡ್ರಿ. ಸಣ್ಣದಾದ್ರೂ ನಡೀತೈತಿ!”

ಕಾರಣ ಕೇಳಿದ ವಾರಿಜಾ ಕನ್ನಡಕ ಜಾರುವಷ್ಟು ನಕ್ಕರು. “ಇಷ್ಟು ವರ್ಷದ ಸಂಶೋಧನಾದೊಳಗ ಇದೊಂದು ಪರಿಣಾಮ ನಾ ಲೆಕ್ಕಕ್ಕ ಹಿಡಿದಿದ್ದಿಲ್ಲ! ಮರಸೂ ಯಂತ್ರ ನನ್ನ ಹತ್ರ ಇಲ್ರೀ. ನೀವು ನಟರು. ನಟಿಸ್ರಿ!”

ಅಂದು ಸಂಜೆ ವಾರಿಜಾ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ನಾಟಕ ಭರದಿಂದ ಸಾಗಿರುವಾಗ ಫಕೀರಪ್ಪ ಥಟ್ಟನೆ ನಿಂತ. ಮೇಲೆ ನೋಡಿದ, ಕೆಳಗೆ ನೋಡಿದ, ತಲೆ ಕೆರೆದುಕೊಂಡ. ಪರದೆಯ ಮರೆಯಲ್ಲಿ ಮಾಲೀಕರು ಹಣೆ ಚಚ್ಚಿಕೊಂಡರು. ಕಸ್ತೂರೆವ್ವ ಗಂಡನ ಕಣ್ಣನ್ನೇ ದಿಟ್ಟಿಸಿದಳು. ಅಲ್ಲಿ ಮರೆವು ಇರಲಿಲ್ಲ, ತುಂಟತನವಿತ್ತು. ದಡದಡ ಬಂದು ಕಿವಿ ಹಿಂಡಿ ಪಿಸುಗುಟ್ಟಿದಳು:

“ಎಲ್ಲಾ ನೆನಪೈತಿ ನಿಮಗ, ನನಗ ಗೊತ್ತು. ಮೊದಲ ಧೋತರ ಹಿಡಕೋರಿ, ಜಾರಾಕತ್ತೈತಿ!”

ಅವನು ಗಾಬರಿಯಿಂದ ಬಗ್ಗಿ ನೋಡಿದ. ಹೌದು! ಕರಗುತ್ತಿದ್ದ ಹೊಟ್ಟೆಯನ್ನು ಬಿಟ್ಟು ಧೋತರ ಹೊರಟೇಬಿಟ್ಟಿತ್ತು. ಎರಡೂ ಕೈಯಿಂದ ಅದನ್ನು ಹಿಡಿದು ನೆಟ್ಟಗಾದರೆ, ಹೇಳಬೇಕಾದ ಮಾತು ಈಗ ನಿಜವಾಗಿಯೂ ಮಾಯ.

“ಮುಂದಿನ ಮಾತು ಯಾವುದ?” ಎಂದು ಬೇಡುತ್ತ ಅವನು ಮತ್ತೆ ಕಿವಿಯೊಡ್ಡಿದ.

ಕಸ್ತೂರೆವ್ವ ಅವನ ಹೆಗಲಿಗೆ ಹಣೆಯಾನಿಸಿ ಬಿದ್ದು ಬಿದ್ದು ನಗುತ್ತಿದ್ದಳು. ಮುಂದಿನ ಮಾತು ಅವಳಿಗೂ ಮರೆತುಹೋಗಿತ್ತು.