ಬೈಂಡಿಂಗ್ ಮಾಡೋರು

"ಮೇಷ್ಟ್ರೇ, ಒಂದು ತಪ್ಪಾಗಿದೆ," ಅಂದಳು ಅವಳು, ಬನ್ನಿ ಅನ್ನೋದಕ್ಕೂ ಮೊದಲೇ. "ಇಪ್ಪತ್ತು ಪುಸ್ತಕದಲ್ಲಿ ಒಂದಕ್ಕೆ ಹದಿನಾರು ಪುಟ ತಲೆಕೆಳಗಾಗಿ ಹೊಲಿದುಬಿಟ್ಟಿದ್ದೀನಿ. ನಾಳೆ ಬನ್ನಿ, ಬಿಚ್ಚಿ ಸರಿ ಮಾಡಿ ಕೊಡ್ತೀನಿ."

ಲೈಬ್ರರಿಯ ಹಿಂದಿನ ಬೈಂಡಿಂಗ್ ರೂಮಿನ ಬಾಗಿಲಲ್ಲಿ ಮೇಷ್ಟ್ರು ನಕ್ಕರು. ವಾರಕ್ಕೆರಡು ಸಂಜೆ ಮಹಡಿಯ ಹಾಲಿನಲ್ಲಿ ಕನ್‌ಫ್ಯೂಷಿಯಸ್ ಬಗ್ಗೆ ಪಾಠ ಮಾಡುವವರು ಇವರು. ಅವಳು ಹೊಲಿದದ್ದು ಆ ಪಾಠದ ನೋಟ್ಸನ್ನೇ.

"ಬಿಡಿ, ಯಾರು ನೋಡ್ತಾರೆ?"

"ನಾನು ನೋಡಿದೀನಲ್ಲ."

ನಗು ಅಲ್ಲೇ ನಿಂತಿತು, ಕಣ್ಣು ಮಾತ್ರ ಅವಳ ಮೇಲಿಂದ ಕದಲಲಿಲ್ಲ. "ತಪ್ಪು ಎಲ್ರೂ ಮಾಡ್ತಾರೆ, ತಿದ್ದಿಕೊಳ್ಳದೇ ಹೋದ್ರೆ ಅದೇ ನಿಜವಾದ ತಪ್ಪು ಅಂತ ಕನ್‌ಫ್ಯೂಷಿಯಸ್ ಹೇಳ್ತಿದ್ದರು ಕಣ್ರೀ."

"ಅವರೂ ಬೈಂಡರಾ?"

"ಅಲ್ಲ, ನನ್ನ ಹಾಗೆ ಮೇಷ್ಟ್ರು."

"ಅಯ್ಯೋ, ಹಾಗಾದ್ರೆ ಹೇಳೋದು ಸುಲಭ ಬಿಡಿ," ಅಂತ ಅವಳು ಸೂಜಿಗೆ ದಾರ ಪೋಣಿಸಿದಳು.

ಅಲ್ಲಿಂದ ಶುರುವಾಯ್ತು ನೋಡಿ.

ಹೊಲಿಗೆ ಬಿಚ್ಚುತ್ತಾ ಆ ಹದಿನಾರು ಪುಟದ ಮೇಲೆ ಕಣ್ಣಾಡಿಸಿದಳು. ಹೆತ್ತವರಿಗೆ ಅನ್ನ ಹಾಕಿದರೆ ಸಾಲದು, ಹಾಕುವಾಗ ನಿಮ್ಮ ಮುಖ ಹೇಗಿತ್ತು ಅಂತ ಕೇಳಿತ್ತು ಅಲ್ಲಿ. ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯ್ತು. ಅವಳಪ್ಪ ಮಹಾ ಸಿಡುಕ, ಇವಳೇನು ಕಮ್ಮಿ? ಹೊತ್ತುಹೊತ್ತಿಗೆ ಬಡಿಸ್ತಿದ್ದಳು, ನಿಜ. ಆದರೆ ತಟ್ಟೆ ಕುಕ್ಕುವ ಸದ್ದಿಗೆ ಪಕ್ಕದ ಮನೆಯವರಿಗೂ ಊಟದ ಹೊತ್ತು ಗೊತ್ತಾಗ್ತಿತ್ತು. ಅವತ್ತು ಮೆಲ್ಲಗೆ ತಟ್ಟೆ ಇಟ್ಟು, ಎದುರಿಗೇ ಕೂತಳು. ಅಪ್ಪ ಗಾಬರಿಯಾಗಿ ಅವಳ ಹಣೆ ಮುಟ್ಟಿ ನೋಡಿದರು.

"ಜ್ವರ ಇಲ್ವಲ್ಲ?"

ಮರುದಿನ ಅವಳು ಹೇಳಿದ ಇದನ್ನ ಕೇಳಿ ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೂ ಕಣ್ಣು ಒದ್ದೆಯಾಗೇ ಇತ್ತು. "ನಾನು ಹತ್ತು ವರ್ಷದಿಂದ ಪಾಠ ಮಾಡ್ತಿದೀನಿ. ಮನೆಗೆ ಹೋಗಿ ಮಾಡಿ ನೋಡಿದವರು ನೀವೊಬ್ಬರೇ."

ಆಮೇಲೆ ಅವಳು ಕೊನೇ ಬೆಂಚಲ್ಲಿ ಹಾಳೆ ಮಡಚುತ್ತಾ ಪಾಠ ಕೇಳತೊಡಗಿದಳು. ಅವಳು ಬರೋದು ತಡವಾದರೆ ಮೇಷ್ಟ್ರು ಖಾಲಿ ಬೋರ್ಡನ್ನೇ ಇನ್ನೊಂದು ಸಲ ಒರೆಸ್ತಿದ್ದರು. ಬಂದಳೋ, ಡಸ್ಟರ್ ಕೆಳಗೆ! ಪಾಠ ಮುಗಿದ ಮೇಲೆ ಬಸ್‌ಸ್ಟಾಪ್‌ವರೆಗೂ ಜೊತೆ. ಬಂದ ಬಸ್ಸು ಹೋಗ್ತಿತ್ತು, ಇನ್ನೊಂದೂ ಹೋಗ್ತಿತ್ತು.

"ನೀವಿಲ್ಲದ ದಿನ ನನ್ನ ಪಾಠ ಬರೀ ಬಾಯಿಪಾಠ," ಅಂದಿದ್ದರು ಒಂದು ಸಂಜೆ. ಅವಳಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಎಂಟು ತಿಂಗಳು ಹೀಗೇ ಕಳೆಯಿತು. ಒಂದು ಮಂಗಳವಾರ ಮೇಷ್ಟ್ರ ತಾಯಿ ಮಗನ ಪಾಠ ಕೇಳೋಕೆ ಬಂದರು. ಮುಗಿದ ಮೇಲೆ ಎಲ್ಲರ ಎದುರು ಅವಳ ಕಡೆ ತಿರುಗಿ, "ಇವರ್ಯಾರಪ್ಪ?" ಅಂದರು.

"ಇವರು... ಬೈಂಡಿಂಗ್ ಮಾಡೋರು, ಅಮ್ಮ."

ಸುಳ್ಳೇನಲ್ಲವಲ್ಲ! ಆದರೂ ಅವತ್ತು ಬಸ್‌ಸ್ಟಾಪಿಗೆ ಅವಳು ಒಬ್ಬಳೇ ಹೋದಳು. ಮನೆಗೆ ಹೋದರೆ ಚಿಕ್ಕಮ್ಮ ಒಂದು ಸಂಬಂಧ ಹಿಡ್ಕೊಂಡು ಕೂತಿದ್ದರು. ಹುಡುಗ ಒಳ್ಳೆಯವನೇ, ಹೂಂ ಅಥವಾ ಉಹೂಂ ಅಂತ ಭಾನುವಾರದೊಳಗೆ ಹೇಳಬೇಕು.

ಗುರುವಾರ ಅವಳು ಪಾಠಕ್ಕೆ ಹೋಗಲಿಲ್ಲ. ಶುಕ್ರವಾರ ಮೇಷ್ಟ್ರೇ ಕೆಳಗೆ ಬಂದರು.

"ಕೋಪನಾ?"

"ಯಾಕೆ? ಬೈಂಡಿಂಗ್ ಮಾಡೋಳು ತಾನೆ ನಾನು?"

"ಅಮ್ಮನ ಮನಸ್ಸಲ್ಲಿ ಬೇರೆ ಹುಡುಗಿ ಇದ್ದಾಳೆ. ಅವರಿಗೆ ನೋವಾಗಬಾರ್ದು ಅಂತ..."

"ತಾಯಿಗೆ ಮೆಲ್ಲಗೆ ನಿಜ ಹೇಳೋದೂ ಮಗನ ಕೆಲಸವೇ ಅಂತ ನಿಮ್ಮ ನೋಟ್ಸಲ್ಲೇ ಇದೆ, ಹೊಲಿದವಳು ನಾನು. ಯಾರು ಏನಾಗಬೇಕೋ ಅದೇ ಹೆಸರಿಂದ ಕರೀಬೇಕು, ಆ ಹೆಸರಿಗೆ ತಕ್ಕ ಹಾಗೆ ನಡೀಬೇಕು ಅಂತ ಒಂದು ಇಡೀ ಸಂಜೆ ಹೇಳಿದ್ರಲ್ಲ ಮೇಷ್ಟ್ರೇ? ಅದನ್ನ ಕೇಳಿ ನಾನು ಅಪ್ಪನಿಗೆ ಮಗಳಾದೆ." ಅವಳು ಸೂಜಿ ಕೆಳಗಿಟ್ಟಳು. "ನಿಮಗೆ ಏನಾಗಬೇಕು ನಾನು? ಭಾನುವಾರ ನಮ್ಮ ಚಿಕ್ಕಮ್ಮನಿಗೆ ಉತ್ತರ ಕೊಡಬೇಕು. ಯಾವುದೋ ಸಂಬಂಧ ತಂದಿದ್ದಾರೆ."

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ತಿರುಗಿ ಹೊರಟುಹೋದರು. ಅವಳು ಬಾಗಿಲು ಹಾಕಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಎಷ್ಟು ಇಷ್ಟಪಟ್ಟಿದ್ದಳು ಅಂತ ಅವಳಿಗೂ ಗೊತ್ತಾದದ್ದು ಆಗಲೇ.

ಶನಿವಾರ ಮಧ್ಯಾಹ್ನ ಬೈಂಡಿಂಗ್ ರೂಮಿನ ಬಾಗಿಲು ತಟ್ಟಿದ ಸದ್ದು. ಮೇಷ್ಟ್ರು, ಹಿಂದೆ ಅವರ ತಾಯಿ.

"ಅಮ್ಮ, ಮಂಗಳವಾರ ನಾನು ತಪ್ಪು ಹೇಳಿದೆ," ಅಂದರು ಮೇಷ್ಟ್ರು. "ಇವರನ್ನ ನಾನು ಮದುವೆ ಆಗಬೇಕು ಅಂದುಕೊಂಡಿದೀನಿ. ಇವರನ್ನೇ ಇನ್ನೂ ಕೇಳಿಲ್ಲ, ಅದು ಇನ್ನೊಂದು ತಪ್ಪು. ಈಗ ಕೇಳ್ತಿದೀನಿ."

ತಾಯಿ ಸ್ಟೂಲು ಎಳ್ಕೊಂಡು ಕೂತರು. "ನನಗೆ ಅವತ್ತೇ ಗೊತ್ತಾಯ್ತು ಕಣೋ. ಬೈಂಡಿಂಗ್ ಮಾಡೋರನ್ನ ತೋರಿಸೋವಾಗ ಯಾರಾದ್ರೂ ಕಿವಿ ಕೆಂಪು ಮಾಡ್ಕೋತಾರಾ?"

"ಮತ್ತೆ ಯಾಕಮ್ಮ ಸುಮ್ಮನಿದ್ದೆ?"

"ಊರಿಗೆಲ್ಲ ಬುದ್ಧಿ ಹೇಳೋನು, ನನ್ನ ಹತ್ತಿರ ನಿಜ ಹೇಳ್ತಾನೋ ಇಲ್ವೋ ನೋಡೋಣ ಅಂತ. ಮನಸ್ಸಲ್ಲಿದ್ದ ಹುಡುಗಿ ಮನಸ್ಸಲ್ಲೇ ಇರ್ಲಿ ಬಿಡು. ಏನಮ್ಮ, ನೀನೇನಂತೀಯ?"

ಅವಳು ಸೆರಗಿಗೆ ಕೈ ಒರೆಸಿಕೊಂಡು ಫೋನ್ ಎತ್ತಿದಳು. ಮೇಷ್ಟ್ರು ನಿಂತಲ್ಲೇ ಕೆಮ್ಮತೊಡಗಿದರು.

"ಹಲೋ ಚಿಕ್ಕಮ್ಮ? ಆ ಸಂಬಂಧದವರಿಗೆ ಉಹೂಂ ಅಂತ ಹೇಳಿಬಿಡಿ. ಇಲ್ಲ, ಹುಡುಗನಲ್ಲಿ ದೋಷ ಏನಿಲ್ಲ. ಪಕ್ಕದಲ್ಲಿ ಕೆಮ್ಮಿದ್ದು ಯಾರು ಅಂತೀರಾ?" ಅವಳು ತಲೆ ಎತ್ತಿ ಮೇಷ್ಟ್ರ ಕಣ್ಣಲ್ಲಿ ಕಣ್ಣಿಟ್ಟು, ಒಂದು ಕ್ಷಣವೂ ತಡವರಿಸದೆ ಹೇಳಿದಳು. "ನಾನು ಮದುವೆ ಆಗೋರು."